ಚಂಪಾ ಎರಡು ಸಲ ಬಿಚ್ಚಿದ ಟೋಸ್ಟರ್

ಚಂಪಾಳ ಕೈ ಸುಮ್ಮನೆ ಕೂರುವ ಕೈಯಲ್ಲ. ಬಿಣಗಾದಿಂದ ಕಾರವಾರಕ್ಕೆ ಹೋಗುವ ಬಸ್ಸಿನಲ್ಲಿ ಕೂತರೆ ಮುಂದಿನ ಸೀಟಿನ ಸಡಿಲಾದ ಸ್ಕ್ರೂವನ್ನು ಉಗುರಿನಲ್ಲೇ ತಿರುಗಿಸುತ್ತಾಳೆ. ಮದುವೆಮನೆಗೆ ಹೋದರೆ ಕರಕರ ಅನ್ನುವ ಫ್ಯಾನಿನ ಕೆಳಗೆ ನಿಂತು, ಬೇರಿಂಗ್ ಹೋಗಿದೆಯೋ ರೆಕ್ಕೆ ಸೊಟ್ಟಾಗಿದೆಯೋ ಎಂದು ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡುತ್ತಾಳೆ. ಮದುಮಗಳ ಸೀರೆ ಯಾವ ಬಣ್ಣದ್ದಿತ್ತು ಅಂತ ಆಮೇಲೆ ಕೇಳಿದರೆ ಹೇಳಲು ಬರುವುದಿಲ್ಲ. ಇಂಥ ಹೆಂಗಸಿನ ಸ್ವಂತ ಮನೆಯಲ್ಲೇ ಒಂದು ಟೋಸ್ಟರ್ ಹದಿನೈದು ದಿನದೊಳಗೆ ಎರಡು ಸಲ ಕೆಟ್ಟಿತು ಅಂದರೆ ಅವಳ ಅವಸ್ಥೆ ಏನಾಗಿರಬೇಡ, ನೀವೇ ಹೇಳಿ.

ಅಂಕೋಲೆಯ ಬೊಬ್ರುವಾಡದ ಹುಡುಗಿ ಅವಳು. ಹತ್ತನೇ ಇಯತ್ತೆ ಮುಗಿಸಿ, ಬಿಣಗಾದ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದ ಬೊಮ್ಮಯ್ಯ ನಾಯಕನನ್ನು ಮದುವೆಯಾಗಿ ಬಂದಳು. ಮಗಳು ರಕ್ಷಿತಾ ಶಾಲೆಗೆ ಹೋಗತೊಡಗಿದ ಮೇಲೆ ಹಗಲು ಮನೆಯಲ್ಲಿ ಕೂತು ತಲೆ ಕೆಟ್ಟುಹೋಗಿ, ಕಾರವಾರದಲ್ಲಿ ತುಳಸಿದಾಸ ಶೇಟರ ರಿಪೇರಿ ಅಂಗಡಿಗೆ ಕಸ ಗುಡಿಸುವ ಕೆಲಸಕ್ಕೆ ಸೇರಿದಳು. ಗುಡಿಸಿದ್ದು ಎರಡೇ ತಿಂಗಳು. ಮೂರನೇ ತಿಂಗಳಿಗೆ ಫ್ಯಾನಿನ ಮೋಟರಿಗೆ ತಾಮ್ರದ ತಂತಿ ಸುತ್ತುತ್ತಿದ್ದಳು. ಸುತ್ತು ಎಣಿಸುವಾಗ ಒಂದು ತಪ್ಪಿದರೂ ಇಡೀ ಕೆಲಸ ಹಾಳು. ಅವಳದು ತಪ್ಪುತ್ತಿರಲಿಲ್ಲ. ಈಗ ಇಪ್ಪತ್ತೆರಡು ವರ್ಷವಾಯಿತು. ಮಿಕ್ಸರು, ಇಸ್ತ್ರಿಪೆಟ್ಟಿಗೆ, ಪಂಪು ಎಲ್ಲ ಅವಳ ಮೇಜಿಗೇ ಬರುತ್ತವೆ. ಶೇಟರು ಗಲ್ಲೆಯ ಹತ್ತಿರ ಕೂತು ಪೇಪರ್ ಓದುತ್ತಾರೆ.

ಈ ಕೆಲಸ ಅವಳಿಂದ ಒಂದನ್ನು ಕಿತ್ತುಕೊಂಡಿತು. ಸುತ್ತಿದ ಕಾಯಿಲನ್ನು ವಾರ್ನಿಶಿನಲ್ಲಿ ಅದ್ದಿ ಒಣಗಿಸಬೇಕು. ಅದರ ಘಾಟು ವರ್ಷಗಟ್ಟಲೆ ಕುಡಿದು ಚಂಪಾಳ ಮೂಗು ಸತ್ತುಹೋಯಿತು. ಹಾಲು ಹೊತ್ತಿದ್ದು ಅವಳಿಗೆ ಗೊತ್ತಾಗುವುದು ಕಣ್ಣಿಗೆ ಕಂಡ ಮೇಲೆಯೇ. ಅದಕ್ಕಾಗಿ ಅವಳೇನೂ ಅತ್ತವಳಲ್ಲ. ಮೂಗಿನ ಕೆಲಸವನ್ನೂ ಕಣ್ಣಿಗೇ ವಹಿಸಿ ನಡೆದಳು.

ಅವಳ ನಿಜವಾದ ಸಂಕಟ ಶುರುವಾದದ್ದು ಕಳೆದ ಡಿಸೆಂಬರಿನಲ್ಲಿ. ಎರಡು ವರ್ಷದ ಹಿಂದೆ ನಿವೃತ್ತನಾಗಿ ಮನೆಯಲ್ಲಿದ್ದ ಬೊಮ್ಮಯ್ಯನ ಕಾಲು ಬಾತುಕೊಂಡಿತು. ಮೆಟ್ಟು ಹಾಕಲು ಬರದಷ್ಟು. ಡಾಕ್ಟರು ರಕ್ತದೊತ್ತಡ ನೋಡಿ ಚಂಪಾಳ ಮುಖ ನೋಡಿದರು. ನೂರಾ ಎಂಬತ್ತಾರು. ಹೃದಯಕ್ಕೆ ಭಾರ ಬಿದ್ದಿದೆ, ಕಿಡ್ನಿಗೂ ಬೀಳುತ್ತದೆ, ಮಾತ್ರೆಯಷ್ಟೇ ಉಪ್ಪು ಬಿಡುವುದೂ ಮುಖ್ಯ, ಉಪ್ಪಿನಕಾಯಿ ಹಪ್ಪಳ ಒಣಮೀನು ಮೂಸಿಯೂ ನೋಡಬಾರದು ಅಂದರು. ಬೊಮ್ಮಯ್ಯನ ಅಣ್ಣ ಗಣೇಶ ಇದೇ ಕಾಯಿಲೆಯಲ್ಲಿ ಅರವತ್ತೊಂದನೇ ವಯಸ್ಸಿಗೆ ಹೋಗಿದ್ದ. ಬೊಮ್ಮಯ್ಯನಿಗೆ ಈ ಆಗಸ್ಟಿಗೆ ಅರವತ್ತೊಂದು.

ಅವತ್ತೇ ಚಂಪಾ ಅಡಿಗೆಮನೆಯ ಉಪ್ಪಿನ ಭರಣಿಯನ್ನು ತೊಳೆದು ಕವುಚಿಟ್ಟಳು. ಗಂಡನಿಗೊಂದು ಸಾರು ತನಗೊಂದು ಸಾರು ಮಾಡುವ ಜಾತಿಯೇ ಅವಳದಲ್ಲ. ತಾನೂ ಸಪ್ಪೆ ಉಂಡಳು. ಮೊದಲ ತಿಂಗಳು ಗಂಜಿ ಗಂಟಲಲ್ಲೇ ನಿಲ್ಲುತ್ತಿತ್ತು. ಅಂಗಡಿಯಲ್ಲಿ ಶೇಟರು ಊಟದ ಡಬ್ಬಿಯಿಂದ ಮಾವಿನಮಿಡಿ ಕೊಡಲು ಬಂದರೆ ಕೈ ಅಡ್ಡ ಹಿಡಿಯುತ್ತಿದ್ದಳು. ರಕ್ಷಿತಾ ಅಂಕೋಲೆಯ ಗಂಡನ ಮನೆಯಿಂದ ಒಂದು ಬಿಪಿ ಮಶಿನು ತಂದುಕೊಟ್ಟಳು. ಪ್ರತಿ ಭಾನುವಾರ ಬೊಮ್ಮಯ್ಯನ ತೋಳಿಗೆ ಪಟ್ಟಿ ಸುತ್ತಿ, ಬಂದ ಅಂಕಿಯನ್ನು ನೋಟುಬುಕ್ಕಿನಲ್ಲಿ ಬರೆಯುವುದು ಚಂಪಾಳ ವ್ರತವಾಯಿತು.

ಆದರೆ ಅಂಕಿ ಡಾಕ್ಟರು ಹೇಳಿದ ಮಟ್ಟಕ್ಕೆ ಇಳಿಯಲೊಲ್ಲದು. ಏಪ್ರಿಲ್ಲಿನಿಂದಂತೂ ಏರುತ್ತಲೇ ಹೋಯಿತು. ಡಾಕ್ಟರು ಮಾತ್ರೆ ಹೆಚ್ಚಿಸಿದರು, ಮತ್ತೆ ಹೆಚ್ಚಿಸಿದರು. ಚಂಪಾಳಿಗೆ ಮಶಿನಿನ ಮೇಲೇ ಅನುಮಾನ ಬಂತು. ಸೆಲ್ಲು ಬದಲಿಸಿದಳು. ತನ್ನ ತೋಳಿಗೆ ಸುತ್ತಿ ನೋಡಿದರೆ ನೂರಾ ಇಪ್ಪತ್ತು ತೋರಿಸಿತು. ಮಶಿನು ಸರಿಯಿದೆ, ಮಾತ್ರೆ ಸರಿಯಿದೆ, ಊಟ ಸರಿಯಿದೆ, ಮತ್ತೆ ಯಾಕೆ? ಕಾರಣ ತಿಳಿಯದ ಕೆಡುಕು ಅವಳಿಗೆ ಆಗಿಬರುವುದಿಲ್ಲ. ಬಸ್ಸಿನಲ್ಲಿ, ಮೇಜಿನ ಮುಂದೆ, ಸ್ನಾನದ ನೀರು ಕಾಯಿಸುವಾಗ, ಅದೇ ಯೋಚನೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ತಂತಿಯ ಸುತ್ತಿನ ಲೆಕ್ಕ ತಪ್ಪಿತು. ಜುಲೈಯಲ್ಲಿ ಡಾಕ್ಟರು, ಇನ್ನು ಇಲ್ಲಿ ಆಗುವುದಿಲ್ಲ, ಮಣಿಪಾಲಕ್ಕೆ ಕರೆದುಕೊಂಡು ಹೋಗಿ ಎಂದು ಚೀಟಿ ಬರೆದುಕೊಟ್ಟರು. ಬರುವ ಬುಧವಾರ ಹೋಗುವುದು ಅಂತಾಯಿತು.

ಇಂಥ ಹೊತ್ತಿನಲ್ಲಿ ಟೋಸ್ಟರಿನದೊಂದು ಕಿರಿಕಿರಿ. ಶಿರವಾಡದ ಯಾರೋ ರಿಪೇರಿಗೆಂದು ಅಂಗಡಿಯಲ್ಲಿ ಕೊಟ್ಟು ಎರಡು ವರ್ಷವಾದರೂ ಒಯ್ಯದೆ ಬಿಟ್ಟಿದ್ದ ಡಬ್ಬ ಅದು. ಮನೆಗೆ ತಕೊಂಡು ಹೋಗು ಅಂತ ಶೇಟರೇ ಕೊಟ್ಟಿದ್ದರು. ಚಂಪಾ ಏಳೂವರೆಯ ಬಸ್ಸು ಹಿಡಿದ ಮೇಲೆ ಬೊಮ್ಮಯ್ಯ ಎದ್ದು, ಡಾಕ್ಟರು ಬಿಟ್ಟುಕೊಟ್ಟ ಎರಡೇ ತುಂಡು ಬ್ರೆಡ್ ಅದರಲ್ಲಿ ಕಾಯಿಸಿ ಚಹಕ್ಕೆ ಅದ್ದಿ ತಿನ್ನುತ್ತಿದ್ದ. ಜೂನ್ ಕೊನೆಗೆ ಅದರ ಹಿಡಿಕೆ ಕೆಳಗೆ ನಿಲ್ಲದಾಯಿತು. ಒತ್ತಿದರೆ ಇಳಿಯುತ್ತದೆ, ಬಿಟ್ಟ ಕೂಡಲೇ ಮೇಲೆ ಬರುತ್ತದೆ. ಚಂಪಾ ಬಿಚ್ಚಿ ನೋಡಿದಳು. ಒಳಗಿನ ಅಯಸ್ಕಾಂತದ ಮುಖ ತುಕ್ಕು ಹಿಡಿದಿತ್ತು. ಕಾರವಾರದ ಕಡೆ ಯಾವ ಸಾಮಾನು ಕೆಟ್ಟರೂ ಎಲ್ಲರ ಬಾಯಲ್ಲೂ ಒಂದೇ ಮಾತು, ಕಡಲ ಗಾಳಿ. ಬಾಗಿಲ ತಿರುಗಣೆ, ಸೈಕಲ್ಲಿನ ಚೈನು, ಫ್ಯಾನಿನ ರೆಕ್ಕೆ, ಎಲ್ಲವನ್ನೂ ತಿನ್ನುವುದು ಅದೇ. ಚಂಪಾಳೂ ಕಡಲ ಗಾಳಿ ಎಂದುಕೊಂಡು ಎಮರಿ ಪೇಪರಿನಿಂದ ತಿಕ್ಕಿ, ಜೋಡಿಸಿ ಇಟ್ಟಳು. ಅಲ್ಲೇ ಅವಳು ಎಡವಿದ್ದು.

ಎರಡೇ ವಾರಕ್ಕೆ ಮತ್ತೆ ಅದೇ ರಾಗ. ಅಂದು ಆಷಾಢದ ಭಾನುವಾರ. ಹೊರಗೆ ಜಿಟಿಜಿಟಿ ಮಳೆ. ಬೆಳಿಗ್ಗೆ ನೋಡಿದ ಬಿಪಿ ನೂರಾ ಎಂಬತ್ತು. ಆ ಅಂಕಿ ಬರೆದು ಪೆನ್ನು ಮುಚ್ಚಿದ ಚಂಪಾಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಅಡಿಗೆಮನೆಗೂ ಜಗಲಿಗೂ ನಾಲ್ಕು ಸಲ ತಿರುಗಿದಳು. ಕೊನೆಗೆ ಟೋಸ್ಟರನ್ನೂ ಸ್ಕ್ರೂಡ್ರೈವರನ್ನೂ ತಂದು ಜಗಲಿಯಲ್ಲಿ ಪೇಪರ್ ಹಾಸಿದಳು.

"ಅದ್ನ ಎಂತಕೆ ಮತ್ತೆ ಬಿಚ್ತೀ?" ಅಂದ ಬೊಮ್ಮಯ್ಯ. ಒಳಗೆ ಮಲಗಿದ್ದವ ಎದ್ದು ಬಾಗಿಲಲ್ಲಿ ನಿಂತಿದ್ದ.

"ಕೆಟ್ಟದೆ. ಕೆಟ್ಟಿದ್ದಕ್ಕೆ ಬಿಚ್ತೆ."

"ಬಿಡೇ ಮಾರಾಯ್ತಿ. ನಂಗೆ ಬ್ರೆಡ್ ಬ್ಯಾಡ. ಹಳೇ ಡಬ್ಬ, ಒಗ್ದು ಬಿಡು."

"ಎರಡ್ ವಾರದಲ್ಲಿ ಎಂತಕೆ ಕೆಡ್ತು ಅಂತ ನಂಗೆ ಗೊತ್ತಾಗ್ಬೇಕು. ನೀವು ಹೋಗಿ ಮಲಗ್ರಿ."

ಅವನು ಮಲಗಲಿಲ್ಲ. ಮೂರು ಸಲ ಒಳಗೆ ಹೋಗಿ ಮೂರು ಸಲ ಹೊರಗೆ ಬಂದ. ಅವಳು ಮೊದಲನೇ ಸ್ಕ್ರೂ ತಿರುಗಿಸುವಾಗ ಕೊಡೆ ಹಿಡಿದು, ಬಸ್‌ಸ್ಟಾಪಿನ ತನಕ ಹೋಗಿ ಬತ್ತೆ ಅಂತ ಇಳಿದೇ ಹೋದ. ಬಾತ ಕಾಲು ಎಳೆಯುತ್ತ ಈ ಮಳೆಯಲ್ಲಿ ಹೋಗುವಂಥದ್ದು ಎಂತದಿದೆ ಅಂತ ಚಂಪಾಳಿಗೆ ರೇಗಿತು. ಕೂಗಿ ಕರೆಯುವ ಮೊದಲೇ ಅವನು ತಿರುವು ದಾಟಿದ್ದ.

ಕೆಲಸದಲ್ಲಿ ಚಂಪಾಳದ್ದೊಂದು ಕ್ರಮ. ಸುಲಭದ್ದರಿಂದ ಶುರು ಮಾಡಿ ಒಂದೊಂದನ್ನೇ ದಾಟಿ ಹೋಗಬೇಕು. ಮೊದಲು ಪ್ಲಗ್ ಪಾಯಿಂಟು. ಅದಕ್ಕೆ ಮಿಕ್ಸರ್ ಚುಚ್ಚಿ ನೋಡಿದಳು, ತಿರುಗಿತು. ಟೋಸ್ಟರನ್ನು ಚುಚ್ಚಿ ಹಿಡಿಕೆಯನ್ನು ಬೆರಳಲ್ಲೇ ಒತ್ತಿ ಹಿಡಿದಳು. ಒಳಗಿನ ತಂತಿಗಳು ಕೆಂಪಾದವು. ಹಾಗಾದರೆ ವಾಯರು ಸರಿ, ತಂತಿ ಸರಿ, ಕರೆಂಟು ಒಳಗೆ ಹೋಗುತ್ತಿದೆ. ಹಿಡಿಕೆಯನ್ನು ಹಿಡಿದಿಡಬೇಕಾದ ಅಯಸ್ಕಾಂತ ಮಾತ್ರ ಹಿಡಿಯುತ್ತಿಲ್ಲ. ಪ್ಲಗ್ ಕಿತ್ತು, ತಣಿಯಲು ಬಿಟ್ಟು, ಅಡಿಯಲ್ಲಿ ಪುಡಿ ಬೀಳುವ ತಟ್ಟೆಯನ್ನು ಎಳೆದಳು.

ತಟ್ಟೆ ಥಳಥಳ ಅನ್ನುತ್ತಿತ್ತು. ದಿನಕ್ಕೆ ಎರಡು ತುಂಡಿನ ಲೆಕ್ಕದಲ್ಲಿ ಹದಿನೈದು ದಿನದ ಬ್ರೆಡ್ಡಿನ ಪುಡಿ ಇರಬೇಕಿದ್ದ ಜಾಗದಲ್ಲಿ ಒಂದು ಚೂರೂ ಇಲ್ಲ. ಮೂಲೆಯಲ್ಲಿ ನೀರಿನ ಪಸೆ. ಇವರು ತಟ್ಟೆ ತೊಳೀತಾರಾ? ಮೂವತ್ತು ವರ್ಷದ ಸಂಸಾರದಲ್ಲಿ ಕುಡಿದ ಲೋಟ ತೊಳೆದಿಟ್ಟ ಗಂಡಸಲ್ಲ. ಕಾಯಿಲೆ ಬಂದ ಮೇಲೆ ಮನುಷ್ಯ ಮೆತ್ತಗಾಗಿದ್ದಾನೆ, ತನಗೆ ಕೆಲಸ ಕಡಿಮೆಯಾಗಲಿ ಅಂತ ತೊಳೆದಿಟ್ಟಿದ್ದಾನೆ ಅಂದುಕೊಂಡು ಚಂಪಾಳ ಕರುಳು ಚುರ್ ಅಂದಿತು. ಸುಮ್ಮನೆ ರೇಗಿದೆನಲ್ಲ ಅಂತ ಬೇಜಾರೂ ಆಯಿತು.

ಪಕ್ಕದ ತಗಡು ತೆಗೆದು ಒಳಗೆ ನೋಡಿದರೆ ಅವಳ ಹುಬ್ಬು ಗಂಟಾಯಿತು. ಎರಡು ವಾರದ ಹಿಂದೆ ತಿಕ್ಕಿ ಬೆಳ್ಳಗೆ ಮಾಡಿದ್ದ ಅಯಸ್ಕಾಂತ ಮತ್ತೆ ಕಂದಾಗಿತ್ತು. ಅದರ ಮೇಲೆ ಎಂತದೋ ಅಂಟು, ಅಂಟಿನ ಮೇಲೆ ಬಿಳಿಯ ಪುಡಿ. ತಾಮ್ರದ ಪಟ್ಟಿಗಳು ಹಸಿರಾಗಿದ್ದವು. ಕಡಲ ಗಾಳಿ ಎಷ್ಟೇ ಕೆಟ್ಟದ್ದಿರಲಿ, ಹದಿನೈದು ದಿನದಲ್ಲಿ ಇಷ್ಟು ತಿನ್ನಲಾರದು. ಅದೇ ಗಾಳಿಯಲ್ಲಿ ಪಕ್ಕದಲ್ಲೇ ಇರುವ ಮಿಕ್ಸರಿಗೆ ಏನೂ ಆಗಿಲ್ಲ. ಉಪ್ಪಿನ ನೀರು ಬಿದ್ದ ಪಂಪುಗಳಲ್ಲಿ ಇಂಥ ಬಿಳಿಯನ್ನು ಅವಳು ನೋಡಿದ್ದಳು. ಆದರೆ ಉಪ್ಪೇ ಇಲ್ಲದ ಮನೆಯಲ್ಲಿ ಉಪ್ಪು ಎಲ್ಲಿಂದ ಬರಬೇಕು? ಚಿಮಟಿಗೆ ಹಾಕಿ ಕೆದಕಿದಾಗ ಉಗುರಿನಷ್ಟುದ್ದದ, ತೆಳ್ಳಗೆ ಪಾರದರ್ಶಕವಾದ ಒಂದು ಚೂರು ಬಂತು. ಒಳಗೆ ತಂತಿ ಸುತ್ತಿರುವ ಮೈಕಾದ, ಅಂದರೆ ಅಭ್ರಕದ ಹಾಳೆ ಎಲ್ಲೋ ಸೀಳಿರಬೇಕು ಅಂತ ಅದನ್ನು ಪೇಪರಿನ ಅಂಚಿಗಿಟ್ಟಳು. ಮೈಕಾ ಎಲ್ಲೂ ಸೀಳಿರಲಿಲ್ಲ. ಎರಡೆರಡು ಸಲ ನೋಡಿದಳು.

ತಿಕ್ಕಿ ಒರೆಸಿ, ತಗಡು ಹಾಕುವ ಮೊದಲು ಒಮ್ಮೆ ಪರೀಕ್ಷೆ ಮಾಡೋಣವೆಂದು ಪ್ಲಗ್ ಚುಚ್ಚಿ, ಬೆರಳು ತಂತಿಗೆ ತಾಗದಂತೆ ಹಿಡಿಕೆ ಒತ್ತಿದಳು. ಈ ಸಲ ನಿಂತಿತು. ತಂತಿ ಕೆಂಪಾಗಿ ಒಂದೆಳೆ ಹೊಗೆ ಎದ್ದಿತು. ಅಷ್ಟರಲ್ಲಿ ಹಿಂದಿನ ಮನೆಯ ಗಂಗಿ ತಲೆಗೆ ಪ್ಲಾಸ್ಟಿಕ್ಕಿನ ಕೊಪ್ಪೆ ಹಾಕಿಕೊಂಡು, ರಿಪೇರಿಗೆ ಕೊಟ್ಟಿದ್ದ ಟಾರ್ಚು ಕೇಳಲು ಬಂದಳು. ಗಂಗಿಯ ಮನೆಯವರು ಗದ್ದೆ ಮಾಡುವವರು. ಬೇಸಿಗೆಯಲ್ಲಿ ಸೊಪ್ಪು ತರಕಾರಿಯ ಜೊತೆ ತುಸು ಒಣಮೀನು, ಮಳೆಗಾಲದಲ್ಲಿ ದೋಣಿಗಳು ದಡ ಹತ್ತಿದ ಮೇಲೆ ಬರೀ ಒಣಮೀನು ಇಟ್ಟುಕೊಂಡು ಅವಳು ಹೈವೇ ಬದಿಗೆ ಕೂರುತ್ತಾಳೆ. ಜಗಲಿಗೆ ಹತ್ತಿದವಳು ಮೂಗು ಅರಳಿಸಿದಳು.

"ಎಂತಾ ಚಂಪಕ್ಕಾ, ಆಯ್ತವಾರ ಅಂತ ಬಂಗಡೆ ಸುಡೂಕೆ ಹಿಡ್ದ್ರಾ?"

"ಎಲ್ಲಿ ಬಂಗಡೆ?"

"ಇದ್ರಲ್ಲೇ ಬತ್ತದ್ಯಲ್ಲ ವಾಸ್ನೆ. ಒಣ ಬಂಗಡೆ ವಾಸ್ನೆ ನಂಗೆ ಗೊತ್ತಾಗುದಿಲ್ವಾ? ನಮ್ಮನಿ ಮೀನೇ ಅದು." ಗಂಗಿ ನಕ್ಕಳು. "ತುಳಸಿದಾಸ ಶೇಟ್ರಿಗೆ ಸೇರ್ತಾ ಹೆಂಗೆ? ವಾರಾ ವಾರಾ ಬೊಮ್ಮಯ್ಯಣ್ಣ ಬಂದು, ಶೇಟ್ರು ಹೇಳಿ ಕಳ್ಸ್ಯಾರೆ, ಚಂಪಾ ಒಯ್ತದೆ ಅಂತ ತಕಂಡ್ ಹೋತ್ರು. ಒಳ್ಳೇದನ್ನೇ ಆರ್ಸಿ ಕೊಟ್ಟಿದ್ದೆ."

ಚಂಪಾ ಪ್ಲಗ್ ಕಿತ್ತಳು. ಪೇಪರಿನ ಅಂಚಿನಲ್ಲಿದ್ದ ಚೂರನ್ನು ಬೆರಳಿಗೆತ್ತಿ ಬೆಳಕಿಗೆ ಹಿಡಿದಳು. ಒಂದು ತುದಿ ಚೂಪು, ಇನ್ನೊಂದು ತುದಿಯಲ್ಲಿ ಸಣ್ಣ ಗಂಟು. ಹುಟ್ಟಿದಾಗಿನಿಂದ ಮೀನು ತಿಂದ ಹೆಂಗಸು, ಮುಳ್ಳನ್ನು ಮೈಕಾ ಅಂತ ಬದಿಗಿಟ್ಟಿದ್ದಳು.

"ಸೇರ್ತು," ಅಂದಳು ಗಂಗಿಗೆ. "ಶೇಟ್ರಿಗೆ ರಾಶಿ ಸೇರ್ತು." ಟಾರ್ಚು ತಂದುಕೊಟ್ಟಳು. ಗಂಗಿ ಹೋದ ಮೇಲೆ ಚಂಪಾ ಕಂಬಕ್ಕೆ ಒರಗಿ ಕೂತಳು. ಎಲ್ಲ ಒಂದೊಂದಾಗಿ ಕೂಡಿಕೊಂಡಿತು. ಗ್ಯಾಸಿನ ಮೇಲೆ ಸುಟ್ಟರೆ ಒಲೆಗೆ ಹತ್ತಿದ್ದು ತನ್ನ ಕಣ್ಣಿಗೆ ಬೀಳುತ್ತದೆ ಅಂತ ಈ ಡಬ್ಬದೊಳಗೆ ಇಳಿಬಿಟ್ಟು ಸುಟ್ಟಿದ್ದಾನೆ. ಉಪ್ಪೂ ಎಣ್ಣೆಯೂ ಅಯಸ್ಕಾಂತದ ಮೇಲೆ ತೊಟ್ಟಿಕ್ಕಿದೆ. ತಟ್ಟೆ ತೊಳೆದು ಹಸಿಯಾಗಿಯೇ ತುರುಕಿದ್ದಾನೆ. ಅದಕ್ಕೆ ತನ್ನ ಕರುಳು ಬೇರೆ ಚುರ್ ಅಂದಿತ್ತು. ನಗು ಬಂತು, ಅದರ ಬೆನ್ನಿಗೇ ಸಿಟ್ಟು ನೆತ್ತಿಗೇರಿತು.

ಬೊಮ್ಮಯ್ಯ ಬಂದು ಕೊಡೆ ಮಡಚುವಾಗ ಚಂಪಾ ಮುಳ್ಳನ್ನು ಅಂಗೈಯಲ್ಲಿಟ್ಟು ಚಾಚಿದಳು.

"ಇದೆಂತದು ಹೇಳ್ರಿ."

ಅವನು ಬಗ್ಗಿ ನೋಡಿದ. "ಮೈಕಾ ಇರ್ಬೇಕು."

"ಗಂಗಿ ಬಂದಿತ್ತು."

ಬೊಮ್ಮಯ್ಯ ಕೊಡೆಯನ್ನು ಗೋಡೆಗೆ ಒರಗಿಸಲು ಹೋದ. ಅದು ಜಾರಿ ಬಿತ್ತು. ಎತ್ತಲಿಲ್ಲ. ಮೆಲ್ಲಗೆ ಜಗಲಿಯ ಅಂಚಿನಲ್ಲಿ ಕೂತು ಬಾತ ಕಾಲನ್ನು ಮುಂದೆ ಚಾಚಿದ.

"ಎಂಟ್ ತಿಂಗ್ಳಾಯ್ತು," ಅಂದಳು ಚಂಪಾ. "ನಾ ಉಪ್ಪು ಬಾಯಿಗಿಟ್ಟಿ ಎಂಟ್ ತಿಂಗ್ಳು. ಮಶಿನ್ ಬಿಚ್ಚಿ ಸೆಲ್ ಹಾಕ್ದೆ. ಡಾಕ್ಟ್ರ ಮೇಲೆ ಅನ್ಮಾನ ಪಟ್ಟೆ. ನನ್ನ ಅಡಿಗೇಲೇ ಎಂತಾ ತಪ್ಪಾಗ್ತದ್ಯೋ ಅಂತ ಒದ್ದಾಡ್ದೆ. ನೀವು ಸಾಯ್ತ್ರಿ ಅಂತ ಮಾಡಿದ್ದೆ ನಾನು. ಬುಧವಾರ ಹೋದ್ರೆ ವಾಪಸ್ ಕರ್ಕಂಡ್ ಬತ್ನೋ ಇಲ್ವೋ ಅಂತ ಬಸ್ಸಲ್ಲಿ ಕೂತು ಅಳ್ತಿದ್ದೆ. ನೀವು ಇಲ್ಲಿ ಬಂಗಡೆ ಸುಡ್ತಿದ್ರಿ."

ಅವನು ಬಾತ ಕಾಲಿನ ಕೆಸರು ಒರೆಸತೊಡಗಿದ.

"ಯಾವಾಗ್ನಿಂದ?"

"ಸುಗ್ಗಿ ಹಬ್ಬ ಮುಗ್ದ ಮೇಲೆ." ಅಂದ ಬೊಮ್ಮಯ್ಯ. "ಅದಕ್ಕೂ ಮುಂಚೆ ಒಂದ್ ಹರಳೂ ತಿಂದಿಲ್ಲ, ದೇವ್ರಾಣೆ. ನಾಕ್ ತಿಂಗ್ಳು ಕಣ್ ಮುಚ್ಚಿ ಸಪ್ಪೆ ಉಂಡೆ. ಮಾರ್ಚಲ್ಲಿ ಹೋದಾಗ ಡಾಕ್ಟ್ರು, ಇನ್ನೂ ಜಾಸ್ತಿ ಅದೆ ಅಂದ್ರಲ್ಲ. ಅವತ್ತೇ ಅಂದ್ಕಂಡೆ, ಇದು ಇಳಿಯೂದಲ್ಲ. ಗಣೇಶಣ್ಣನೂ ಹಿಂಗೇ ಉಪ್ಪು ಬಿಟ್ಟು ಬಿಟ್ಟು ಕಡಿಗೆ ಹೋದ. ಹೋಗೂದು ಹೆಂಗೂ ತಪ್ಪೂದಿಲ್ಲ, ಗಂಜಿಗೆ ಒಂದ್ ತುಂಡ್ ತಿಂದೇ ಹೋತೆ ಅಂತ."

ಚಂಪಾ ಒಳಗೆ ಎದ್ದುಹೋಗಿ ನೋಟುಬುಕ್ಕು ತಂದಳು. ಪುಟ ತಿರುವಿದಳು. ವಾರವಾರ ತಾನೇ ಬರೆದ ಅಂಕಿಗಳು. ಪ್ರತಿ ಸಲವೂ ಹೊಸ ಅಂಕಿ ನೋಡಿ ಎದೆ ಒಡೆದುಕೊಂಡಿದ್ದಳೇ ಹೊರತು ಮೊದಲಿನಿಂದ ಕೊನೆಯ ತನಕ ಒಮ್ಮೆಯೂ ಸಾಲಾಗಿ ಓದಿರಲಿಲ್ಲ. ಈಗ ಅವನ ಪಕ್ಕ ಕೂತು ತಿಂಗಳಿಗೊಂದರಂತೆ ಬೆರಳಿಟ್ಟು ಓದಿದಳು.

"ಡಿಸೆಂಬರ್, ನೂರಾ ಎಂಬತ್ತಾರು. ಜನವರಿ, ಎಪ್ಪತ್ತೆಂಟು. ಫೆಬ್ರವರಿ, ಅರವತ್ನಾಕು. ಮಾರ್ಚ್, ಐವತ್ತೆರಡು." ಬೆರಳು ಅಲ್ಲೇ ನಿಂತಿತು. "ಇಳೀತಾ ಇತ್ತು. ಕೇಳ್ತ್ರಾ? ಇಳೀತಾ ಇತ್ತು. ಡಾಕ್ಟ್ರು ಜಾಸ್ತಿ ಅದೆ ಅಂದ್ರು, ಇಳೀಲಿಲ್ಲ ಅಂತ ಅಂದಿಲ್ಲ. ಇನ್ನೆರಡ್ ತಿಂಗ್ಳು ತಡ್ದಿದ್ರೆ ಸಮ ಆತಿತ್ತು."

ಬೊಮ್ಮಯ್ಯ ಪುಸ್ತಕವನ್ನು ಅವಳ ಕೈಯಿಂದ ತೆಗೆದುಕೊಂಡ. ಕನ್ನಡಕ ಒಳಗಿತ್ತು, ಹಾಗಾಗಿ ದೂರ ಹಿಡಿದು ನೋಡಿದ. ಮಾರ್ಚಿನ ಸಾಲಿನ ಮೇಲೆ ಹೆಬ್ಬೆರಳಿಟ್ಟ. ಅದರ ಕೆಳಗಿನವನ್ನೂ ಓದಿದ. ಐವತ್ತೆಂಟು, ಅರವತ್ತಾರು, ಎಪ್ಪತ್ನಾಲ್ಕು, ಎಂಬತ್ತು. ಓದುತ್ತ ಓದುತ್ತ ಅವನ ಕೆಳತುಟಿ ಅದುರಿತು. ಮೂವತ್ತು ವರ್ಷದಲ್ಲಿ ಅವನು ಅತ್ತದ್ದನ್ನು ಚಂಪಾ ನೋಡಿದ್ದು ಅಣ್ಣನ ಹೆಣ ಎತ್ತುವಾಗ ಒಂದೇ ಸಲ. ಅವಳಿಗೆ ಅವನನ್ನು ಹೊಡೆಯಬೇಕು ಅನ್ನಿಸಿತು, ತಬ್ಬಿಕೊಳ್ಳಬೇಕು ಅಂತಲೂ ಅನ್ನಿಸಿತು. ಎರಡೂ ಮಾಡದೆ ಎಮರಿ ಪೇಪರನ್ನು ಚೂರು ಚೂರು ಹರಿದಳು.

"ಬುಧವಾರ ಮಣಿಪಾಲದ ಡಾಕ್ಟ್ರ ಹತ್ರ ನೀವೇ ಹೇಳೂದು. ನಾ ಬಾಯಿ ಬಿಡೂದಿಲ್ಲ. ಇಲ್ದಿದ್ರೆ ಅವ್ರು ಸುಮ್ನೆ ಇನ್ನೂ ಮಾತ್ರೆ ಏರಿಸ್ತ್ರು."

"ಹೇಳ್ತೆ."

"ನಾ ಏಳೂವರೆಗೆ ಹೋದವಳು ಸಂಜಿಗೆ ಬರೂದು. ಇಡೀ ದಿನ ನಿಮ್ಮ ಕಾವಲಿಗೆ ಕೂರೂಕೆ ಆಗೂದಿಲ್ಲ. ಕೆಲಸ ಬಿಡ್ಲಾ? ಹೇಳಿ. ಬಿಡು ಅಂದ್ರೆ ಬಿಡ್ತೆ."

ಬೊಮ್ಮಯ್ಯ ಗೋಡೆ ಹಿಡಿದು ಎದ್ದು ಒಳಗೆ ಹೋದ. ಗೂಟಕ್ಕೆ ನೇತುಹಾಕಿದ್ದ ಕಾರ್ಖಾನೆಯ ಹಳೆಯ ರೇನ್‌ಕೋಟಿನ ಜೇಬಿನಿಂದ ಒಂದು ಪ್ಲಾಸ್ಟಿಕ್ ಕಟ್ಟು ತಂದು ಅವಳ ಮುಂದಿನ ಪೇಪರಿನ ಮೇಲಿಟ್ಟ. ನಾಲ್ಕು ಬಂಗಡೆ ಇದ್ದವು. ಮತ್ತೆ ಜಗಲಿಯ ಅಂಚಿನಲ್ಲಿ ಕೂತ.

ಚಂಪಾ ಟೋಸ್ಟರಿನ ತಗಡು ಕೈಗೆತ್ತಿಕೊಂಡು ಒಂದು ಸ್ಕ್ರೂ ಹಾಕಿದಳು. ಎರಡನೆಯದನ್ನು ಹಾಕಿದಳು. ಮಳೆ ಹೆಂಚಿನ ಅಂಚಿನಿಂದ ಸುರಿಯುತ್ತಿತ್ತು. ಬೊಮ್ಮಯ್ಯ ಕಾಲು ನೀವಿಕೊಂಡ, ರಸ್ತೆ ನೋಡಿದ, ಆಮೇಲೆ ಮತ್ತೆ ಎದ್ದ. ಈ ಸಲ ಅಕ್ಕಿಯ ಡಬ್ಬದ ಮುಚ್ಚಳ ತೆಗೆದ ಸದ್ದಾಯಿತು. ಮೊಣಕೈ ತನಕ ಅಕ್ಕಿಯ ಧೂಳು ಮೆತ್ತಿದ ಕೈಯಲ್ಲಿ ಎರಡನೇ ಕಟ್ಟು ತಂದಿಟ್ಟ.

"ಇನ್ನಿಲ್ಲ," ಅಂದ. "ಬೇಕಾರೆ ಹೋಗಿ ನೋಡು."

ಅಟ್ಟ, ಮಂಚದ ಕೆಳಗೆ, ಕಪಾಟಿನ ಹಿಂದೆ, ಬಚ್ಚಲ ಮೂಲೆ, ಹುಡುಕಬೇಕಾದ ಜಾಗಗಳೆಲ್ಲ ಒಂದೇ ಸಲಕ್ಕೆ ಚಂಪಾಳ ಕಣ್ಣಮುಂದೆ ಸಾಲುಗಟ್ಟಿದವು. ಕಾಲು ಆಗಲೇ ಎದ್ದು ನಿಲ್ಲುವ ತಯಾರಿಯಲ್ಲಿತ್ತು. ಅವಳು ಸೆರಗನ್ನು ಮೊಣಕಾಲ ಕೆಳಗೆ ಗಟ್ಟಿಯಾಗಿ ಸಿಕ್ಕಿಸಿ ಕೂತಲ್ಲೇ ಕೂತಳು.

"ನೋಡೂದಿಲ್ಲ," ಅಂದಳು. "ನಾಳೆ ಏಳೂವರೆ ಬಸ್ಸಿಗೆ ನಾ ಕೆಲಸಕ್ಕೆ ಹೋತೆ."